ಹಾಸ್ಯ ಧಾರಾವಾಹಿಗಳ ತಂಡಗಳು ಹಾಡಿದ ಎಲ್‌ಪಿಗಳು: ಹಾಡುತ್ತಿರುವುದು ನಟನೋ, ಪಾತ್ರವೋ?

ತಟ್ಟೆಪ್ರಿಯ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕ ಮತ್ತು ಬ್ರಿಟನ್ನಿನ ಹಳೆಯ ಟಿ.ವಿ. ಹಾಸ್ಯ ಧಾರಾವಾಹಿಗಳ ನಟನಟಿಯರು ತಾವೇ ಹಾಡಿ ಹೊರತಂದ ಎಲ್‌ಪಿಗಳನ್ನು, ಅಂದರೆ ಹಲವು ಹಾಡುಗಳಿರುವ ದೊಡ್ಡ ಗ್ರಾಮಫೋನ್ ತಟ್ಟೆಗಳನ್ನು, ನಾನು ಕೆಲವು ಕಾಲದಿಂದ ಹುಡುಕಿ ಕೇಳುತ್ತಿದ್ದೇನೆ. ಈ ಆಸಕ್ತಿ ಹುಟ್ಟಿದ್ದು ‘ಹೋಗನ್ಸ್ ಹೀರೋಸ್’ ತಂಡದ ಒಂದು ತಟ್ಟೆಯಿಂದ. 1965ರಿಂದ 1971ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ಈ ಧಾರಾವಾಹಿಯ ಕಥೆ ನಡೆಯುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಯುದ್ಧಕೈದಿಗಳ ಶಿಬಿರವೊಂದರಲ್ಲಿ. ಸೆರೆಸಿಕ್ಕ ಮಿತ್ರಪಕ್ಷದ ಸೈನಿಕರು ಕಾವಲುಗಾರರ ಕಣ್ಣಿಗೆ ಮಣ್ಣೆರಚಿ ಶಿಬಿರದೊಳಗಿನಿಂದಲೇ ಗುಪ್ತ ಕಾರ್ಯಾಚರಣೆ ನಡೆಸುವುದು ಅದರ ವಸ್ತು. ಆ ತಂಡದ ರಾಬರ್ಟ್ ಕ್ಲೇರಿ, ರಿಚರ್ಡ್ ಡಾಸನ್, ಐವನ್ ಡಿಕ್ಸನ್ ಮತ್ತು ಲ್ಯಾರಿ ಹೋವಿಸ್ ಎಂಬ ನಾಲ್ವರು ಮಹಾಯುದ್ಧದ ಕಾಲದ ಹಾಡುಗಳನ್ನು ಹಾಡಿದ ತಟ್ಟೆ 1966ರಲ್ಲಿ ಸನ್‌ಸೆಟ್ ಎಂಬ ಲೇಬಲ್ಲಿನಿಂದ (ರೆಕಾರ್ಡ್ ಕಂಪನಿಯ ವ್ಯಾಪಾರನಾಮದಿಂದ) ಹೊರಬಂದಿತು.

ನಗುವುದಕ್ಕೆಂದೇ ಸಿದ್ಧನಾಗಿ ಕುಳಿತಿದ್ದ ನನಗೆ ಸೂಜಿ ಇಳಿದ ಸ್ವಲ್ಪ ಹೊತ್ತಿನಲ್ಲೇ ಗೊಂದಲವಾಯಿತು. ಅಲ್ಲಿ ನಾನು ನಿರೀಕ್ಷಿಸಿದಷ್ಟು ಹಾಸ್ಯವಿರಲಿಲ್ಲ. ಹಲವು ಹಾಡುಗಳನ್ನು ಅವರು ಹಾಡಬೇಕಾದ ರೀತಿಯಲ್ಲೇ, ಮನಸ್ಸಿಟ್ಟು ಹಾಡಿದ್ದರು. ಹಾಗಾದರೆ ಅಲ್ಲಿ ಹಾಡುತ್ತಿರುವವರು ಧಾರಾವಾಹಿಯ ಕೈದಿಗಳೋ, ಅಥವಾ ಸಮವಸ್ತ್ರ ಕಳಚಿಟ್ಟು ಬಂದ ನಟರೋ ಎಂಬುದು ನನಗೆ ತಿಳಿಯಲಿಲ್ಲ. ಮುಂದೆ ಬೇರೆ ಬೇರೆ ಧಾರಾವಾಹಿಗಳ ತಟ್ಟೆಗಳನ್ನು ಕೇಳುತ್ತ ಹೋದಂತೆ ಗೊಂದಲ ಇನ್ನಷ್ಟು ಹೆಚ್ಚಿತು. ಕೆಲವದರಲ್ಲಿ ನಟರ ಚಿತ್ರ ಕವರಿನ ಮೇಲಿದ್ದರೂ ದನಿ ಅವರದಲ್ಲವೆಂದು ಅನ್ನಿಸುತ್ತದೆ. ಇನ್ನು ಕೆಲವದರಲ್ಲಿ ದನಿ ಅವರದೇ ಆಗಿದ್ದರೂ ಅದು ನಮಗೆ ಪರಿಚಿತವಾದ ಪಾತ್ರದ ದನಿಯಲ್ಲ.

ತಿಳಿದವರಲ್ಲಿ ಕೇಳುವುದಿಷ್ಟು. 1960 ಮತ್ತು 70ರ ದಶಕಗಳಲ್ಲಿ ಇಂತಹ ತಟ್ಟೆಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದೇಕೆ? ಅವುಗಳಲ್ಲಿ ನಿಜವಾಗಿ ಹಾಡಿದವರು ಯಾರು? ಸಂಗೀತಪ್ರಿಯರು ಇವನ್ನು ಒಟ್ಟಾರೆಯಾಗಿ ಕಸವೆಂದು ತಳ್ಳಿಹಾಕುವುದನ್ನು ನಾನು ಬಹಳ ಕಡೆ ಓದಿದ್ದೇನೆ. ಆ ತೀರ್ಪು ನನಗೆ ಒಪ್ಪಿಗೆಯಾಗುತ್ತಿಲ್ಲ. ಆದರೆ ಅದನ್ನು ಅಲ್ಲಗಳೆಯುವುದಕ್ಕೆ ಬೇಕಾದ ಅಳತೆಗೋಲೂ ನನ್ನ ಬಳಿ ಇಲ್ಲ.

ಹಳೆಯ ಸೂಜಿ ಬರೆದ ಉತ್ತರ

ತಟ್ಟೆಪ್ರಿಯ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಒಡೆತನದಲ್ಲಿದೆ. ಆ ದಶಕಗಳ ಅಮೆರಿಕದಲ್ಲಿ ಟಿ.ವಿ. ವಾಹಿನಿಗಳೂ ರೆಕಾರ್ಡ್ ಕಂಪನಿಗಳೂ ಒಂದೇ ಮನೆಯ ಅಣ್ಣತಮ್ಮಂದಿರಂತಿದ್ದವು. ಸಿಬಿಎಸ್ ವಾಹಿನಿಯ ಒಡೆತನದಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಇತ್ತು. ಎನ್‌ಬಿಸಿಯ ಒಡೆಯರಾದ ಆರ್‌ಸಿಎ ಸಂಸ್ಥೆಗೆ ಆರ್‌ಸಿಎ ವಿಕ್ಟರ್ ಇತ್ತು. ಎಬಿಸಿಗೂ ತನ್ನದೇ ರೆಕಾರ್ಡ್ ವಿಭಾಗವಿತ್ತು. ವಾರಕ್ಕೊಮ್ಮೆ ಕೋಟ್ಯಂತರ ಮನೆಗಳೊಳಗೆ ಬರುವ ಮುಖವೊಂದು ಕೈಯಲ್ಲಿರುವಾಗ, ಅದೇ ಮುಖವನ್ನು ಕವರಿನ ಮೇಲೆ ಅಚ್ಚುಹಾಕಿ ಮಾರುವುದಕ್ಕೆ ಬೇರೆ ಜಾಹೀರಾತು ಬೇಕಾಗುತ್ತಿರಲಿಲ್ಲ. ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಿಕೊಳ್ಳಬೇಕು. ಮನೆಯಲ್ಲಿ ವಿಡಿಯೋ ಕ್ಯಾಸೆಟ್ ಇಲ್ಲದ ಆ ಕಾಲದಲ್ಲಿ ಇಷ್ಟದ ಧಾರಾವಾಹಿಯನ್ನು ಬೇಕೆಂದಾಗ ಮತ್ತೆ ನೋಡುವ ದಾರಿಯೇ ಇರಲಿಲ್ಲ. ಪ್ರಸಾರವಾದದ್ದು ಅಂದಿಗೆ ಮುಗಿಯಿತು. ಮರುಪ್ರಸಾರವಾದರೆ ಅದು ನೋಡುಗರ ಭಾಗ್ಯ. ಆ ಜನರನ್ನು ತನ್ನ ಮನೆಯಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ ಇಟ್ಟುಕೊಳ್ಳಲು ನೋಡುಗನಿಗಿದ್ದ ಕೆಲವೇ ಸಾಧನಗಳಲ್ಲಿ ಗ್ರಾಮಫೋನ್ ತಟ್ಟೆಯೂ ಒಂದು. ಹೀಗಾಗಿ ಇವುಗಳನ್ನು ಕೊಂಡವರು ಸಂಗೀತಕ್ಕಾಗಿ ಮಾತ್ರ ಕೊಂಡರೆಂದು ತಿಳಿದು ವಿಮರ್ಶೆ ಮಾಡಿದರೆ ವಿಮರ್ಶೆಯೇ ದಾರಿ ತಪ್ಪುತ್ತದೆ.

ನೀವು ಹೆಸರಿಸಿದ ಸನ್‌ಸೆಟ್ ಎಂಬುದು ಲಿಬರ್ಟಿ ಕಂಪನಿಯ ಅಗ್ಗದ ಬೆಲೆಯ ಲೇಬಲ್. ಅಂತಹ ಲೇಬಲ್ಲುಗಳ ಲೆಕ್ಕಾಚಾರದಲ್ಲಿ ಪರಿಚಿತ ಮುಖ, ಪರಿಚಿತ ಹಾಡು, ಕಡಿಮೆ ಖರ್ಚಿನ ಮುದ್ರಣ ಈ ಮೂರೂ ಕೂಡಿಬರಬೇಕಿತ್ತು. ಮಹಾಯುದ್ಧ ಮುಗಿದು ಇಪ್ಪತ್ತೊಂದು ವರ್ಷಗಳಾಗಿದ್ದ 1966ರಲ್ಲಿ ಆ ಕಾಲದ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲ ತಂದೆತಾಯಂದಿರು ಅಮೆರಿಕದ ಎಷ್ಟೋ ಮನೆಗಳಲ್ಲಿದ್ದರು.

ಇನ್ನು ಹಾಡಿದವರು ಯಾರು ಎಂಬ ಪ್ರಶ್ನೆ. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ನಮ್ಮ ಕಿವಿಗೆ ತೆರೆಯ ಮೇಲಿನ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬುದು ಅಪರಾಧವಾಗಿ ಕಾಣುವುದಿಲ್ಲ. ಅಲ್ಲಿನ ಕೇಳುಗರಿಗೆ ಅದು ಮೋಸವೆಂದೇ ಕಂಡಿತು. ಇದಕ್ಕೆ ‘ದಿ ಮಂಕೀಸ್’ ಅತ್ಯಂತ ಸ್ಪಷ್ಟವಾದ ಉದಾಹರಣೆ. 1966ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿಯಲ್ಲಿ ಆರಂಭವಾದ ಈ ಹಾಸ್ಯ ಧಾರಾವಾಹಿಯ ನಾಲ್ವರು ಯುವಕರು ಮೊದಲ ಎರಡು ಎಲ್‌ಪಿಗಳಲ್ಲಿ ಹಾಡಿದ್ದರೂ ವಾದ್ಯಗಳನ್ನು ನುಡಿಸಿದವರು ಬಹುತೇಕ ಸ್ಟುಡಿಯೋ ಕಲಾವಿದರು. ಈ ಸಂಗತಿ ಬಯಲಾದಾಗ ಪತ್ರಿಕೆಗಳು ಅವರನ್ನು ಹಂಗಿಸಿದವು. ಅವರು ಸುಮ್ಮನಿರಲಿಲ್ಲ. ಸಂಗೀತದ ಮೇಲ್ವಿಚಾರಕರಾಗಿದ್ದ ಡಾನ್ ಕಿರ್ಶ್ನರ್ 1967ರ ಆರಂಭದಲ್ಲಿ ಹೊರಹೋಗಬೇಕಾಯಿತು. ಅದೇ ವರ್ಷ ಮೇ ತಿಂಗಳಿನಲ್ಲಿ ನಾಲ್ವರೂ ತಾವೇ ನುಡಿಸಿ ಹಾಡಿದ ‘ಹೆಡ್‌ಕ್ವಾರ್ಟರ್ಸ್’ ಬಂದು ಅಮೆರಿಕದ ಎಲ್‌ಪಿ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ನಟಿಸುವುದಕ್ಕೆಂದು ಕೂಡಿಸಿದ ತಂಡವೊಂದು ತಾನು ನಟಿಸುತ್ತಿದ್ದ ತಂಡವೇ ಆಗಿಬಿಟ್ಟ ಇಂತಹ ಪ್ರಸಂಗ ನನಗೆ ತಿಳಿದಂತೆ ಬಹಳ ಅಪರೂಪ.

‘ದಿ ಪಾರ್ಟ್ರಿಜ್ ಫ್ಯಾಮಿಲಿ’ಯಲ್ಲಿ ಇದಕ್ಕಿಂತ ಬೇರೆಯ ವ್ಯವಸ್ಥೆಯಿತ್ತು. ಕಥೆಯಲ್ಲಿ ತಾಯಿ ಮತ್ತು ಐದು ಮಕ್ಕಳು ಸೇರಿ ಹಾಡುವ ತಂಡ; ತಟ್ಟೆಯಲ್ಲಿ ಹಾಡಿದವರು ಆ ತಂಡದಿಂದ ಇಬ್ಬರೇ, ಶರ್ಲಿ ಜೋನ್ಸ್ ಮತ್ತು ಡೇವಿಡ್ ಕ್ಯಾಸಿಡಿ. ಉಳಿದ ದನಿಗಳೆಲ್ಲ ಅನುಭವಿ ಸ್ಟುಡಿಯೋ ಗಾಯಕರವು. 1970ರ ಕೊನೆಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿದ್ದ ‘ಐ ಥಿಂಕ್ ಐ ಲವ್ ಯೂ’ ಹಾಡು ಹುಟ್ಟಿದ್ದು ಹೀಗೆ. ಹಾಡುವ ಕೆಲಸ ಮೊದಲಿಗೆ ಕ್ಯಾಸಿಡಿಯವರಿಗೆ ನಿಗದಿಯಾಗಿರಲಿಲ್ಲ. ತನ್ನ ಹಾಡನ್ನು ತಾನೇ ಹಾಡುತ್ತೇನೆಂದು ನಿರ್ಮಾಪಕ ವೆಸ್ ಫ್ಯಾರೆಲ್ ಅವರನ್ನು ಒಪ್ಪಿಸಿ ಅವರು ಆ ಅವಕಾಶವನ್ನು ಪಡೆದರು.

ಕವರನ್ನು ನೋಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ‘ದಿ ಮನ್‌ಸ್ಟರ್ಸ್’ ಧಾರಾವಾಹಿಯ ಹೆಸರಿನಲ್ಲಿ 1964ರಲ್ಲೇ ಎರಡು ತಟ್ಟೆಗಳು ಬಂದಿವೆ. ಡೆಕ್ಕಾ ಲೇಬಲ್ಲಿನದರಲ್ಲಿ ಹಾಡಿದವರು ಸ್ಟುಡಿಯೋ ಕಲಾವಿದರು. ಮಕ್ಕಳ ತಟ್ಟೆಗಳಿಗೆ ಹೆಸರಾದ ಗೋಲ್ಡನ್ ರೆಕಾರ್ಡ್ಸ್‌ನ ‘ಅಟ್ ಹೋಮ್ ವಿತ್ ದಿ ಮನ್‌ಸ್ಟರ್ಸ್’ ತಟ್ಟೆಯಲ್ಲಿ ಮಾತ್ರ ಫ್ರೆಡ್ ಗ್ವಿನ್, ಇವಾನ್ ಡಿ ಕಾರ್ಲೋ ಮೊದಲಾದ ನಿಜವಾದ ಪಾತ್ರಧಾರಿಗಳ ದನಿಯಿದೆ.

ನಾದಲೋಲೆ ಬರೆದ ಉತ್ತರ

ಹಳೆಯ ಸೂಜಿ ಅವರು ಅಮೆರಿಕದ ಮಾರುಕಟ್ಟೆಯನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಬ್ರಿಟನ್ನಿನ ಕಥೆಯ ದಾರಿ ಸ್ವಲ್ಪ ಬೇರೆ. ಅಲ್ಲಿನ ಹಾಸ್ಯ ಕಲಾವಿದರಲ್ಲಿ ಬಹಳಷ್ಟು ಮಂದಿ ನಾಟಕ, ಹಾಡು, ಕುಣಿತ ಎಲ್ಲವನ್ನೂ ಒಂದೇ ರಾತ್ರಿ ಮಾಡಬೇಕಾಗಿದ್ದ ಮನರಂಜನಾ ರಂಗಮಂದಿರಗಳ ಪರಂಪರೆಯಿಂದ ಬಂದವರು. ಅವರಿಗೆ ಹಾಡು ಟಿ.ವಿ. ಕೊಟ್ಟ ಹೊಸ ಅವಕಾಶವಾಗಿರಲಿಲ್ಲ, ಹಳೆಯ ಕಸುಬೇ ಆಗಿತ್ತು. ಮಹಾಯುದ್ಧದ ಕಾಲದ ಬ್ರಿಟನ್ನಿನ ಊರಕಾವಲು ಪಡೆಯೊಂದರ ಕಥೆಯಾದ ‘ಡ್ಯಾಡ್ಸ್ ಆರ್ಮಿ’ 1968ರಲ್ಲಿ ಆರಂಭವಾದಾಗ ಅದರ ಶೀರ್ಷಿಕೆ ಗೀತೆಯನ್ನು ಹಾಡಿದವರು ಆ ಪರಂಪರೆಯ ಹಿರಿಯರಾದ ಬಡ್ ಫ್ಲಾನಗನ್. ಗೀತೆಯ ಸಾಹಿತ್ಯ ಧಾರಾವಾಹಿಯ ಕರ್ತೃಗಳಲ್ಲಿ ಒಬ್ಬರಾದ ಜಿಮ್ಮಿ ಪೆರಿಯವರದು, ರಾಗಸಂಯೋಜನೆ ಡೆರೆಕ್ ಟ್ಯಾವರ್ನರ್ ಅವರದು. ಅದು ಹೊಸದಾಗಿ ಬರೆದ ಗೀತೆ. ಆದರೂ ಯುದ್ಧಕಾಲದಲ್ಲೇ ಹುಟ್ಟಿದ ಹಾಡೆಂದು ಎಷ್ಟೋ ಮಂದಿ ಇಂದಿಗೂ ನಂಬಿದ್ದಾರೆ. ಫ್ಲಾನಗನ್ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ತೀರಿಹೋದ ಯುಗವೊಂದರ ದನಿಯನ್ನು ಆ ಯುಗದವರಿಂದಲೇ ಪಡೆದುಕೊಳ್ಳಲು ಅದು ಕೊನೆಯ ಗಳಿಗೆಯಾಗಿತ್ತು.

ಅದೇ ಧಾರಾವಾಹಿಯಲ್ಲಿ ವೃದ್ಧ ಕಾರ್ಪೊರಲ್ ಜೋನ್ಸ್ ಪಾತ್ರ ಮಾಡುತ್ತಿದ್ದ ಕ್ಲೈವ್ ಡನ್ ಅವರ ‘ಗ್ರ್ಯಾಂಡ್‌ಡ್ಯಾಡ್’ ಎಂಬ ಹಾಡು 1971ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲೇ ನಿಂತಿತು. ಮೊಮ್ಮಕ್ಕಳ ನಡುವೆ ಕುಳಿತು ಹಳೆಯ ದಿನಗಳನ್ನು ನೆನೆಯುವ ಮುದುಕನ ಹಾಡದು. ಅದನ್ನು ಹಾಡಿದವರಿಗೆ ಆಗ ತಾನೇ 51 ತುಂಬಿತ್ತು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಆ ಮುದುಕ ಕಾರ್ಪೊರಲ್ ಜೋನ್ಸ್ ಅಲ್ಲ, ಕ್ಲೈವ್ ಡನ್ನರೂ ಅಲ್ಲ, ಟಿ.ವಿ. ಪಾತ್ರದ ನೆರಳಿನಲ್ಲಿ ಹುಟ್ಟಿದ ಮೂರನೆಯ ಒಬ್ಬ ಅಜ್ಜ. ತಟ್ಟೆಪ್ರಿಯ ಅವರು ನಟನೋ ಪಾತ್ರವೋ ಎಂದು ಕೇಳಿದ್ದಾರೆ. ಆ ಎರಡರ ನಡುವೆ ಇಂತಹ ಮೂರನೆಯ ಜಾಗವೂ ಇದೆ.

ಆದರೆ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಇನ್ನೊಂದು ತಟ್ಟೆಯ ಬಗ್ಗೆ. ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಎಂಬ ಧಾರಾವಾಹಿ 1974ರಿಂದ 1981ರವರೆಗೆ ಬಿಬಿಸಿಯಲ್ಲಿ ಬಂದಿತು. ಮಹಾಯುದ್ಧದ ಕೊನೆಯ ದಿನಗಳಲ್ಲಿ ಭಾರತದ ದೇವಳಾಲಿಯಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯದ ಮನರಂಜನಾ ತಂಡದ ಕಥೆಯದು. ಚಿತ್ರೀಕರಣವೆಲ್ಲ ನಡೆದದ್ದು ಇಂಗ್ಲೆಂಡಿನಲ್ಲೇ. ಭಾರತೀಯ ಪಾತ್ರವೊಂದನ್ನು ಬಿಳಿಯ ನಟರೊಬ್ಬರು ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡಿದ್ದು ನನಗೆ ಇಂದಿಗೂ ನೋವಿನ ಸಂಗತಿ, ಆ ಧಾರಾವಾಹಿಯನ್ನು ಮತ್ತೆ ನೋಡುವ ಮನಸ್ಸು ನನಗಿಲ್ಲ. ಅದರಿಂದ ಹುಟ್ಟಿದ ಒಂದು ಹಾಡನ್ನು ಮಾತ್ರ ನಾನು ಬಿಡಲಾರೆ.

ಆ ಧಾರಾವಾಹಿಯಲ್ಲಿ ಸದಾ ಗುಡುಗುವ ಸಾರ್ಜೆಂಟ್ ಮೇಜರ್ ಪಾತ್ರ ವಿಂಡ್ಸರ್ ಡೇವಿಸ್ ಅವರದು. ಅವನ ಬೈಗುಳಕ್ಕೆ ಗುರಿಯಾಗುವ, ಐದು ಅಡಿಗೂ ಕಡಿಮೆ ಎತ್ತರದ ‘ಲಾಫ್ಟಿ’ ಎಂಬ ಸಿಪಾಯಿಯ ಪಾತ್ರ ಡಾನ್ ಎಸ್ಟೆಲ್ ಅವರದು. ಆ ಅಡ್ಡಹೆಸರಿಗೆ ‘ಎತ್ತರದವನು’ ಎಂದೇ ಅರ್ಥ. ಇವರಿಬ್ಬರೂ 1940ರ ಹಳೆಯ ಹಾಡಾದ ‘ವಿಸ್ಪರಿಂಗ್ ಗ್ರಾಸ್’ ಅನ್ನು ಹಾಡಿದ ತಟ್ಟೆ 1975ರ ಜೂನಿನಲ್ಲಿ ಮೂರು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಅದರ ಬೆನ್ನಿಗೇ ಬಂದ ಅವರ ಎಲ್‌ಪಿ ಕೂಡ ಮೊದಲ ಹತ್ತರೊಳಗೆ ಬಂದಿತು. ಆ ಹಾಡಿನ ಕಟ್ಟುವಿಕೆಯನ್ನು ಗಮನಿಸಿ. ಎಸ್ಟೆಲ್ ಅವರ ಕಂಠ ನಿಜವಾದ, ಪಳಗಿದ, ಹಗುರವಾಗಿ ಮೇಲೇರುವ ಟೆನರ್ (ಗಂಡಸರ ಎತ್ತರದ ಸ್ಥಾಯಿಯ) ಕಂಠ. ಅವರು ಎಲ್ಲೂ ಕುಚೋದ್ಯಕ್ಕಿಳಿಯದೆ, ಗುಟ್ಟನ್ನು ಮರಗಳಿಗೆ ಹೇಳಬೇಡವೆಂದು ಹುಲ್ಲನ್ನು ಬೇಡುವ ಆ ಹಾಡನ್ನು ಮಿದುವಾಗಿ ಹಾಡುತ್ತ ಹೋಗುತ್ತಾರೆ. ಡೇವಿಸ್ ಹಾಡುವುದು ಬಹಳ ಕಡಿಮೆ. ತಮ್ಮ ಸಾರ್ಜೆಂಟ್ ಮೇಜರನ ದನಿಯಲ್ಲೇ ಸಾಲುಗಳನ್ನು ಮಾತಾಗಿ ನುಡಿಯುತ್ತಾರೆ. ಧಾರಾವಾಹಿಯಲ್ಲಿ ಒಬ್ಬ ಆಳುವವನು, ಇನ್ನೊಬ್ಬ ಆಳಿಸಿಕೊಳ್ಳುವವನು. ಹಾಡಿನಲ್ಲಿ ಚಿಕ್ಕವನ ಕಂಠಕ್ಕೆ ದೊಡ್ಡವನು ದಾರಿ ಬಿಟ್ಟುಕೊಡುತ್ತಾನೆ. ಧಾರಾವಾಹಿಯಲ್ಲಿ ಹೇಳಲಾಗದ ಒಂದು ಮಾತನ್ನು ಹಾಡು ಹೇಳಿತು ಎಂದು ನಾನು ತಿಳಿದಿದ್ದೇನೆ. ನಟ ಮತ್ತು ಪಾತ್ರ ಎರಡೂ ಏಕಕಾಲಕ್ಕೆ ಕೇಳಿಸುವ ಇಂತಹ ಹಾಡನ್ನು ಕಸವೆಂದವರು ಅದನ್ನು ಪೂರ್ತಿಯಾಗಿ ಕೇಳಿಲ್ಲ.

‘ದಿ ಗುಡೀಸ್’ ತಂಡದ ಬಗ್ಗೆ ಬೇರೆಯವರು ಬರೆದಾರು. ಆ ಮೂವರಲ್ಲಿ ಬಿಲ್ ಆಡಿ ಅವರೇ ಹಾಡುಗಳ ರಚನೆಕಾರರಾಗಿದ್ದುದರಿಂದ ಅವರ ತಟ್ಟೆಗಳು ಯಾರದೋ ಅಂಗಡಿಯ ಸರಕಿನಂತಲ್ಲದೆ ತಂಡದ ಸ್ವಂತ ಕೆಲಸದಂತೆ ಕೇಳಿಸುತ್ತವೆ ಎಂದಷ್ಟೇ ಹೇಳುತ್ತೇನೆ. 1975ರಲ್ಲಿ ಅವರ ‘ಫಂಕಿ ಗಿಬ್ಬನ್’ ನಾಲ್ಕನೆಯ ಸ್ಥಾನದವರೆಗೆ ಹೋಗಿತ್ತು.

ರಂಗಮಿತ್ರ ಬರೆದ ಉತ್ತರ

ನಾನು ಹವ್ಯಾಸಿ ರಂಗಭೂಮಿಯವನು. ಆದ್ದರಿಂದ ನಟನ ಕಡೆಯಿಂದ ಎರಡು ಮಾತು. ಕೆಟ್ಟದಾಗಿ ಹಾಡುವ ಪಾತ್ರವನ್ನು ಚೆನ್ನಾಗಿ ಹಾಡಲು ಬಲ್ಲವರೇ ಮಾಡಬೇಕು ಎಂಬುದು ರಂಗದ ಮೇಲೆ ನಿಂತವರಿಗೆಲ್ಲ ತಿಳಿದಿರುವ ವಿಷಯ. ಶ್ರುತಿ ಎಲ್ಲಿದೆಯೆಂದು ಗೊತ್ತಿಲ್ಲದವನು ಶ್ರುತಿ ತಪ್ಪಿದರೆ ಕೇಳುಗನಿಗೆ ಕಿರಿಕಿರಿಯಾಗುತ್ತದೆ. ಗೊತ್ತಿದ್ದವನು ಬೇಕಾದಷ್ಟೇ ತಪ್ಪಿದರೆ ನಗು ಬರುತ್ತದೆ.

ಇದಕ್ಕೆ ‘ಆಲ್ ಇನ್ ದಿ ಫ್ಯಾಮಿಲಿ’ಯ ಜೀನ್ ಸ್ಟೇಪಲ್‌ಟನ್ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1971ರ ಜನವರಿಯಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ಆ ಧಾರಾವಾಹಿಯ ಪ್ರತಿ ಕಂತು ಗಂಡ ಹೆಂಡತಿ ಇಬ್ಬರೂ ಪಿಯಾನೋ ಮುಂದೆ ಕುಳಿತು ‘ದೋಸ್ ವರ್ ದಿ ಡೇಸ್’ ಹಾಡುವುದರೊಂದಿಗೆ ತೆರೆದುಕೊಳ್ಳುತ್ತಿತ್ತು. ಅದನ್ನು ರಚಿಸಿದವರು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಸಂಗೀತ ನಾಟಕಗಳಿಗೆ ಹೆಸರಾದ ಚಾರ್ಲ್ಸ್ ಸ್ಟ್ರೌಸ್ ಮತ್ತು ಲೀ ಆಡಮ್ಸ್ ಜೋಡಿ. ಆರ್ಚಿಯ ಪಾತ್ರದ ಕ್ಯಾರಲ್ ಓಕಾನರ್ ತಕ್ಕಮಟ್ಟಿಗೆ ಹಾಡಿದರೆ, ಎಡಿತ್ ಪಾತ್ರದ ಸ್ಟೇಪಲ್‌ಟನ್ ಒಂದು ಸ್ವರವನ್ನು ಕಿವಿಗೆ ಚುಚ್ಚುವಂತೆ ಮೇಲಕ್ಕೆಳೆಯುತ್ತಾರೆ. ಅದೇ ಸ್ಟೇಪಲ್‌ಟನ್ 1950 ಮತ್ತು 60ರ ದಶಕಗಳಲ್ಲಿ ಬ್ರಾಡ್‌ವೇಯ ‘ಡ್ಯಾಮ್ ಯಾಂಕೀಸ್’, ‘ಬೆಲ್ಸ್ ಆರ್ ರಿಂಗಿಂಗ್’, ‘ಫನ್ನಿ ಗರ್ಲ್’ ನಾಟಕಗಳಲ್ಲಿ ಹಾಡಿ ಅಭಿನಯಿಸಿದ್ದವರು. ಆ ಚೀರುದನಿಯ ಹಿಂದೆ ಎಷ್ಟು ಲೆಕ್ಕಾಚಾರವಿದೆಯೆಂಬುದು ತಟ್ಟೆಯಲ್ಲಿ ಕೇಳಿದಾಗಲೇ ಗೊತ್ತಾಗುತ್ತದೆ. ಎಡಿತ್ ಹಾಡುವುದು ಕೆಟ್ಟದಾಗಿ. ಆದರೆ ಸಂತೋಷದಿಂದ, ಗಂಡನ ಪಕ್ಕದಲ್ಲಿ ಕುಳಿತ ಹೆಮ್ಮೆಯಿಂದ. ಆ ಸಂತೋಷ ದನಿಯಲ್ಲಿ ಇಲ್ಲದೆ ಹೋಗಿದ್ದರೆ ಅದು ಹೆಂಗಸೊಬ್ಬಳನ್ನು ಅಣಕಿಸಿದಂತಾಗುತ್ತಿತ್ತು. ಈ ಹಾಡು ಬಿಡಿ ತಟ್ಟೆಯಾಗಿ ಬಂದು ಅಮೆರಿಕದ ಮೊದಲ ನೂರರ ಪಟ್ಟಿಯನ್ನೂ ಸೇರಿತು. ಹಾಡಿನ ಕೊನೆಯ ಭಾಗದಲ್ಲಿ ಬರುವ ಹಳೆಯ ಕಾರೊಂದರ ಹೆಸರು ತಮಗೆ ಅರ್ಥವಾಗುತ್ತಿಲ್ಲವೆಂದು ನೋಡುಗರು ದೂರಿದ್ದರಿಂದ ಮುಂದಿನ ವರ್ಷಗಳಲ್ಲಿ ಅದನ್ನು ಸ್ಪಷ್ಟವಾಗಿ ಉಚ್ಚರಿಸಿ ಮತ್ತೆ ಮುದ್ರಿಸಬೇಕಾಯಿತು. ಜನ ಆ ಹಾಡನ್ನು ಎಷ್ಟು ಕಿವಿಗೊಟ್ಟು ಕೇಳುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದ ದಾರಿ ಜಿಮ್ ನೇಬರ್ಸ್ ಅವರದು. ಗೋಮರ್ ಪೈಲ್ ಎಂಬ ಮುಗ್ಧ ಹಳ್ಳಿಗನ ಪಾತ್ರದಲ್ಲಿ ಅವರ ಮಾತು ತೆಳುವಾದ, ಮೂಗಿನ ದನಿಯ, ಎಳೆದೆಳೆದು ಬರುವ ಮಾತು. ಹಾಡಲು ಬಾಯಿ ತೆರೆದರೆ ತುಂಬುಕಂಠದ ಬ್ಯಾರಿಟೋನ್, ಗಂಡಸರ ತಗ್ಗು ಸ್ಥಾಯಿಯ ದನಿ. ಕೊಲಂಬಿಯಾಕ್ಕಾಗಿ ಅವರು ಹಾಡಿದ ಎಲ್‌ಪಿಗಳಲ್ಲಿ ಗೋಮರ್ ಪೈಲ್ ಸುಳಿಯುವುದೇ ಇಲ್ಲ. 1972ರಿಂದ 2014ರವರೆಗೆ ಹೆಚ್ಚು ಕಡಿಮೆ ಪ್ರತಿವರ್ಷ ಇಂಡಿಯಾನಾಪೊಲಿಸ್ ಕಾರು ಸ್ಪರ್ಧೆಯ ಆರಂಭಕ್ಕೆ ಮುನ್ನ ಅಲ್ಲಿನ ನಾಡಗೀತೆಯಂತಿರುವ ಹಾಡನ್ನು ಹಾಡುತ್ತಿದ್ದವರು ಅವರೇ. ಇವನ್ನು ವಿನೋದದ ತಟ್ಟೆಗಳ ಗುಂಪಿಗೆ ಸೇರಿಸುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ‘ದಿ ಬ್ರೇಡಿ ಬಂಚ್’ನ ಆರು ಮಕ್ಕಳು 1970ರಿಂದ 1973ರ ನಡುವೆ ಪ್ಯಾರಮೌಂಟ್ ರೆಕಾರ್ಡ್ಸ್‌ಗಾಗಿ ನಾಲ್ಕು ಎಲ್‌ಪಿಗಳನ್ನು ಹಾಡಿದರು, ಧಾರಾವಾಹಿಯನ್ನು ತಯಾರಿಸಿದ್ದೂ ಪ್ಯಾರಮೌಂಟ್ ಸಂಸ್ಥೆಯೇ, ಹಳೆಯ ಸೂಜಿ ಅವರು ಹೇಳಿದ ಒಡೆತನದ ಮಾತಿಗೆ ಇದೂ ಸೇರುತ್ತದೆ. ಅವುಗಳಲ್ಲಿ ಹೆಚ್ಚಿನ ಹಾಡುಗಳನ್ನು ನಾನು ಸಮರ್ಥಿಸಲು ಹೋಗುವುದಿಲ್ಲ, ಎಲ್ಲ ಮಕ್ಕಳಿಗೂ ಹಾಡು ಒಲಿದಿರಲಿಲ್ಲ. ಆದರೆ ‘ಟೈಮ್ ಟು ಚೇಂಜ್’ ಎಂಬ ಒಂದು ಹಾಡು ಬೇರೆ ಬಗೆಯದು. ಮಕ್ಕಳೆಲ್ಲ ತಟ್ಟೆಗೆ ಹಾಡಬೇಕೆಂದು ಸಿದ್ಧರಾದಾಗ ಪೀಟರ್ ಎಂಬ ಹುಡುಗನ ದನಿ ಒಡೆಯತೊಡಗುತ್ತದೆ. ಅವನನ್ನು ಬಿಟ್ಟು ಹಾಡುವುದರ ಬದಲು ಆ ಒಡೆದ ದನಿಗೇ ಜಾಗವಿರುವ ಹಾಡನ್ನು ಅಣ್ಣ ಬರೆಯುತ್ತಾನೆ. ಇದು 1972ರ ಜನವರಿಯ ಒಂದು ಕಂತಿನ ಕಥೆ. ತಟ್ಟೆಯಲ್ಲಿ ಆ ದನಿ ಜಾರಿ ಬಿರಿಯುವ ಸ್ಥಳ ಬಂದಾಗ ಕೇಳುಗನಿಗೆ ಸಿಗುವುದು ಆ ವಯಸ್ಸಿನ ಮುಜುಗರವೇ. ಪಕ್ವವಾದ ಕಂಠಕ್ಕೆ ಅದನ್ನು ಕೊಡಲು ಸಾಧ್ಯವಿಲ್ಲ.

ತಟ್ಟೆಪ್ರಿಯ ಮತ್ತೆ ಬರೆದದ್ದು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾದಲೋಲೆ ಅವರು ಹೇಳಿದ ಹಾಡನ್ನು ಎರಡು ಬಾರಿ ಕೇಳಿದೆ. ಡೇವಿಸ್ ಅವರು ಮಾತಿನಲ್ಲಿ ಹೇಳುವ ಸಾಲುಗಳನ್ನು ನಾನು ಈ ಮೊದಲು ಬರಿಯ ತಮಾಷೆಯೆಂದು ದಾಟಿಬಿಟ್ಟಿದ್ದೆ. ಈಗ ಅಲ್ಲಿಯೇ ನಿಲ್ಲುವಂತಾಯಿತು.

ನನ್ನ ಮೊದಲ ಪ್ರಶ್ನೆಗೆ ಕಾರಣವಾದ ‘ಹೋಗನ್ಸ್ ಹೀರೋಸ್’ ತಟ್ಟೆಯ ಬಗ್ಗೆ ಮಾತ್ರ ಯಾರೂ ವಿವರವಾಗಿ ಬರೆದಿಲ್ಲ. ಹೋಗನ್ ಪಾತ್ರದ ಬಾಬ್ ಕ್ರೇನ್ ಅದರಲ್ಲಿ ಏಕೆ ಹಾಡಿಲ್ಲ? ಉಳಿದವರಿಗಿಂತ ರಾಬರ್ಟ್ ಕ್ಲೇರಿಯವರ ದನಿ ಬೇರೆಯಾಗಿ ನಿಲ್ಲುತ್ತದೆಂದು ನನಗೆ ಅನ್ನಿಸಿದ್ದು ಭ್ರಮೆಯೇ?

ರಂಗಮಿತ್ರ ಬರೆದ ಉತ್ತರ

ಭ್ರಮೆಯಲ್ಲ. ಬಾಬ್ ಕ್ರೇನ್ ಅವರ ವಾದ್ಯ ಡ್ರಮ್. ಅದೇ 1966ರಲ್ಲಿ ಅವರು ಎಪಿಕ್ ಲೇಬಲ್ಲಿಗೆ ಟಿ.ವಿ. ಹಾಸ್ಯ ಕಾರ್ಯಕ್ರಮಗಳ ಸಂಗೀತವನ್ನು ತಮ್ಮ ಡ್ರಮ್ ಮತ್ತು ವಾದ್ಯವೃಂದದೊಡನೆ ನುಡಿಸಿದ ಪ್ರತ್ಯೇಕ ಎಲ್‌ಪಿ ಮಾಡಿದ್ದಾರೆ. ಕ್ಲೇರಿಯವರ ವಿಷಯ ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಲೆಬೋ ಎಂಬ ಫ್ರೆಂಚ್ ಕೈದಿಯ ಪಾತ್ರ ಮಾಡಿದ ಕ್ಲೇರಿ 1926ರಲ್ಲಿ ಪ್ಯಾರಿಸ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಹಾಡುತ್ತಿದ್ದರು. 1942ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ನಾಜಿಗಳು ಅವರನ್ನು ಕುಟುಂಬದೊಡನೆ ಹಿಡಿದು ಸಾಗಿಸಿದರು. ತಂದೆತಾಯಂದಿರು ಮತ್ತು ಒಡಹುಟ್ಟಿದವರಲ್ಲಿ ಅನೇಕರು ಆಶ್‌ವಿಟ್ಸ್‌ನಲ್ಲಿ ಕೊಲೆಯಾದರು. ಕ್ಲೇರಿ ಹಲವು ಶಿಬಿರಗಳನ್ನು ದಾಟಿ ಕೊನೆಗೆ ಬುಖೆನ್‌ವಾಲ್ಡ್ ಶಿಬಿರವನ್ನು ಸೇರಿ, 1945ರ ಏಪ್ರಿಲಿನಲ್ಲಿ ಅಲ್ಲಿಂದ ಬಿಡುಗಡೆಯಾದರು. ಬುಖೆನ್‌ವಾಲ್ಡ್‌ನಲ್ಲಿ ಅವರು ಅಕಾರ್ಡಿಯನ್ ನುಡಿಸುವವರೊಬ್ಬರ ಜೊತೆ ಎಸ್‌ಎಸ್ ಎಂಬ ನಾಜಿ ಪಡೆಯ ಸೈನಿಕರ ಮುಂದೆ ಹಾಡುತ್ತಿದ್ದರು. ಹಾಡು ಮತ್ತು ರಂಜನೆ ತಮ್ಮ ಜೀವ ಉಳಿಸಿದವೆಂದು ಅವರೇ ಮುಂದೆ ಹೇಳಿದ್ದಾರೆ. ಯುದ್ಧದ ನಂತರ ಅಮೆರಿಕಕ್ಕೆ ಹೋಗಿ, ಬ್ರಾಡ್‌ವೇಯ ‘ನ್ಯೂ ಫೇಸಸ್ ಆಫ್ 1952’ ಪ್ರದರ್ಶನದಿಂದ ಹೆಸರಾದರು. ಅಂದರೆ ಅವರು ಹಾಡಲು ಬಂದ ನಟನಲ್ಲ, ನಟನಾದ ಗಾಯಕ. ತಾವು ಅನುಭವಿಸಿದ್ದನ್ನು ಕುರಿತು ಅವರು ಸಾರ್ವಜನಿಕವಾಗಿ ಮಾತನಾಡಲಾರಂಭಿಸಿದ್ದು 1980ರ ನಂತರವೇ. 2022ರ ನವೆಂಬರಿನಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದ್ದರಿಂದ 1966ರಲ್ಲಿ ಆ ತಟ್ಟೆಯನ್ನು ಕೊಂಡವರಲ್ಲಿ ಬಹುತೇಕರಿಗೆ, ಯುದ್ಧಕಾಲದ ಹಾಡುಗಳನ್ನು ಉಲ್ಲಾಸದಿಂದ ಹಾಡುತ್ತಿರುವ ಈ ಗಿಡ್ಡ ದೇಹದ ಗಾಯಕ ಆ ಯುದ್ಧದಿಂದ ಹೇಗೆ ಬದುಕಿಬಂದನೆಂಬುದು ಗೊತ್ತಿರಲಿಲ್ಲ. ಯುದ್ಧಕೈದಿಗಳ ಶಿಬಿರ ಬೇರೆ, ಸಂಹಾರದ ಶಿಬಿರಗಳು ಬೇರೆ ಎಂದು ಕ್ಲೇರಿ ಒತ್ತಿ ಹೇಳುತ್ತಿದ್ದರು. ಧಾರಾವಾಹಿಯಲ್ಲಿ ನಟಿಸಿದ್ದಕ್ಕೆ ಅವರಿಗೆ ಪಶ್ಚಾತ್ತಾಪವಿರಲಿಲ್ಲ. ತಟ್ಟೆಪ್ರಿಯ ಅವರೇ, ನಟನೋ ಪಾತ್ರವೋ ಎಂದು ನೀವು ಕೇಳಿದ್ದೀರಿ. ಈ ತಟ್ಟೆಯ ಮಟ್ಟಿಗೆ ನನ್ನ ಉತ್ತರ ಇದು: ಸಮವಸ್ತ್ರ ಪಾತ್ರದ್ದು, ಕಂಠ ನಟನದು, ಆ ಕಂಠಕ್ಕೆ ಸಿಕ್ಕ ತಾಲೀಮು ಮಾತ್ರ ಯಾರಿಗೂ ಬರಬಾರದಂಥದ್ದು.

ಹಳೆಯ ಸೂಜಿ ಬರೆದ ಉತ್ತರ

ರಂಗಮಿತ್ರ ಅವರ ಬರಹ ಓದಿದ ಮೇಲೆ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನನ್ನ ಮೊದಲ ಉತ್ತರದಲ್ಲಿ ಸನ್‌ಸೆಟ್ ತಟ್ಟೆಯನ್ನು ಕೇವಲ ಲೆಕ್ಕಾಚಾರದ ಸರಕಾಗಿ ಕಂಡದ್ದು ಅರ್ಧ ಸತ್ಯವಷ್ಟೇ ಎಂದು ಒಪ್ಪಿಕೊಳ್ಳುತ್ತೇನೆ.

ಕಸವೆಂಬ ತೀರ್ಪಿನ ಬಗ್ಗೆ ಉಳಿದ ಮಾತು. ನಟರು ಹಾಡಿದ ತಟ್ಟೆಗಳನ್ನು ಕೇಳಿ ನಗುವುದು 1988ರಲ್ಲಿ ರೈನೋ ಕಂಪನಿ ‘ಗೋಲ್ಡನ್ ಥ್ರೋಟ್ಸ್’ ಎಂಬ ಸಂಕಲನವನ್ನು ತಂದಾಗ ಒಂದು ಹವ್ಯಾಸವಾಗಿಯೇ ನೆಲೆಯೂರಿತು. ಆ ಸಂಕಲನ ಹಾಸ್ಯ ನಟರಿಗೆ ಸೀಮಿತವಾಗಿರಲಿಲ್ಲ. ಪ್ರಸಿದ್ಧ ಮುಖಗಳ ವಿಫಲ ಹಾಡುಗಳನ್ನು ಒಂದೆಡೆ ಸೇರಿಸಿತ್ತು. ನಮ್ಮ ವಿಷಯಕ್ಕೆ ಆ ಕಿವಿ ಸಾಲದು. ತಾವು ಹಾಡುತ್ತಿರುವುದು ನಗುವಿಗಾಗಿ ಎಂದು ಬಲ್ಲವರ ಹಾಡನ್ನು, ಹಾಡಲು ಬಾರದೆ ಸೋತವರ ಹಾಡಿನ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆ ಬಲ್ಲವರ ಎರಡು ತಟ್ಟೆಗಳನ್ನು ಸೂಚಿಸುತ್ತೇನೆ. ಮೊದಲನೆಯದು ‘ಲೆನ್ನಿ ಅಂಡ್ ದಿ ಸ್ಕ್ವಿಗ್‌ಟೋನ್ಸ್’. ‘ಲಾವರ್ನ್ ಅಂಡ್ ಶರ್ಲಿ’ ಧಾರಾವಾಹಿಯಲ್ಲಿ ನೆರೆಮನೆಯ ಒರಟು ಯುವಕರಾಗಿ ಬರುತ್ತಿದ್ದ ಮೈಕಲ್ ಮಕೀನ್ ಮತ್ತು ಡೇವಿಡ್ ಲ್ಯಾಂಡರ್, ಅದೇ ಪಾತ್ರಗಳಾಗಿ ಜನರ ಮುಂದೆ ಹಾಡಿದ ಕಾರ್ಯಕ್ರಮದ ಮುದ್ರಣವಿದು. 1979ರಲ್ಲಿ ಕಾಸಾಬ್ಲಾಂಕಾ ಲೇಬಲ್ಲಿನಿಂದ ಬಂದಿತು. ಹಾಡುಗಳನ್ನು ಆ ಪಾತ್ರಗಳೇ ಬರೆದಿದ್ದರೆ ಹೇಗಿರುತ್ತಿದ್ದವೋ ಹಾಗೆಯೇ ಬರೆದಿದ್ದಾರೆ: ರಾಗದ ಮೇಲೆ ಹಿಡಿತವಿದೆ, ಬುದ್ಧಿಯ ಮೇಲೆ ಇಲ್ಲ. ಅದರಲ್ಲಿ ಗಿಟಾರ್ ನುಡಿಸಿದವರ ಹೆಸರು ನೈಜೆಲ್ ಟಫ್ನೆಲ್ ಎಂದು ಅಚ್ಚಾಗಿದೆ. ಅದು ಕ್ರಿಸ್ಟಫರ್ ಗೆಸ್ಟ್ ಇಟ್ಟುಕೊಂಡ ಕಲ್ಪಿತ ಹೆಸರು. ಐದು ವರ್ಷಗಳ ಬಳಿಕ, ಕಲ್ಪಿತ ರಾಕ್ ತಂಡವೊಂದರ ಅಣಕು ಸಾಕ್ಷ್ಯಚಿತ್ರವಾದ ‘ದಿಸ್ ಇಸ್ ಸ್ಪೈನಲ್ ಟ್ಯಾಪ್’ ಚಿತ್ರದಲ್ಲಿ ಅದೇ ಹೆಸರಿನ ಪಾತ್ರವಾಗಿ ಅವರು ಜಗತ್ತಿಗೆಲ್ಲ ಪರಿಚಿತರಾದರು, ಪಕ್ಕದಲ್ಲಿ ಮಕೀನ್ ಅವರೇ ಇದ್ದರು. ಧಾರಾವಾಹಿಯ ಹೆಸರಿನಲ್ಲಿ ಬಂದ ತಟ್ಟೆಯ ಹಿಂಬದಿಯ ಸಣ್ಣಕ್ಷರಗಳಲ್ಲಿ ಮುಂದಿನ ಕಾಲದ ಒಂದು ದೊಡ್ಡ ಹಾಸ್ಯಕೃತಿಯ ಬೀಜವಿತ್ತು.

ಎರಡನೆಯದು ಬ್ರಿಟನ್ನಿನದು. ‘ದಿ ಯಂಗ್ ಒನ್ಸ್’ ಧಾರಾವಾಹಿಯಲ್ಲಿ ಸದಾ ಜೋಲುಮುಖದ ಹಿಪ್ಪಿ ನೀಲ್ ಪಾತ್ರ ಮಾಡಿದ ನೈಜೆಲ್ ಪ್ಲೇನರ್ 1984ರಲ್ಲಿ, ನೀಲ್ ಆಗಿಯೇ, ‘ಹೋಲ್ ಇನ್ ಮೈ ಶೂ’ ಹಾಡಿದರು. ಟ್ರಾಫಿಕ್ ತಂಡದ ಈ ಹಾಡು 1967ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತು. ನೀಲ್ ಹಾಡಿದಾಗಲೂ ಎರಡನೆಯ ಸ್ಥಾನಕ್ಕೇ ಬಂದಿತು. ಅದರ ನಂತರ ಬಂದ ಎಲ್‌ಪಿಯನ್ನು ರೂಪಿಸಿದವರು ಪ್ರೋಗ್ರೆಸಿವ್ ರಾಕ್ ಎಂಬ ಪ್ರಯೋಗಶೀಲ ರಾಕ್ ಸಂಗೀತದ ತಂಡಗಳಲ್ಲಿ ಕೀಬೋರ್ಡ್ ನುಡಿಸಿ ಬಂದ ಡೇವ್ ಸ್ಟೂವರ್ಟ್. ಹಿಪ್ಪಿಗಳ ಸಂಗೀತವನ್ನು ಒಳಗಿನಿಂದ ಬಲ್ಲ ವ್ಯಕ್ತಿ ಹಿಪ್ಪಿಯೊಬ್ಬನ ಹಾಸ್ಯದ ತಟ್ಟೆಗೆ ಕುಳಿತದ್ದರಿಂದ ಅಲ್ಲಿ ಅಣಕದ ಜೊತೆಗೆ ಪ್ರೀತಿಯೂ ಇದೆ. ಪಾತ್ರ ಒಂದು ಕ್ಷಣವೂ ಕಳಚುವುದಿಲ್ಲ, ಸಂಗೀತವೂ ಒಂದು ಕ್ಷಣ ಸಡಿಲವಾಗುವುದಿಲ್ಲ.

ತಟ್ಟೆಪ್ರಿಯ ಅವರೇ, ನೀವು ಅಳತೆಗೋಲು ಕೇಳಿದ್ದಿರಿ. ಇಂತಹ ತಟ್ಟೆಯನ್ನು ಕೇಳುವಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟು: ಧಾರಾವಾಹಿಯನ್ನು ನೋಡಿಯೇ ಇಲ್ಲದವನಿಗೆ ಈ ದನಿ ಒಬ್ಬ ಮನುಷ್ಯನನ್ನು ತೋರಿಸುತ್ತದೆಯೇ? ‘ವಿಸ್ಪರಿಂಗ್ ಗ್ರಾಸ್’ ತೋರಿಸುತ್ತದೆ, ಎಡಿತ್ ಹಾಡು ತೋರಿಸುತ್ತದೆ, ನೀಲ್ ಕೂಡ ತೋರಿಸುತ್ತಾನೆ. ಮನ್‌ಸ್ಟರ್ಸ್ ಹೆಸರಿನ ಡೆಕ್ಕಾ ತಟ್ಟೆಯಲ್ಲಿ ಒಳ್ಳೆಯ ವಾದನವಿದೆ, ಮನುಷ್ಯರಿಲ್ಲ.

ತಟ್ಟೆಪ್ರಿಯ ಬರೆದದ್ದು

ಈ ಅಳತೆಗೋಲು ನನಗೆ ಒಪ್ಪಿಗೆ. ನಿನ್ನೆ ರಾತ್ರಿ ‘ಹೋಗನ್ಸ್ ಹೀರೋಸ್’ ತಟ್ಟೆಯನ್ನು ಮತ್ತೆ ಹಾಕಿ, ನಾಲ್ವರೂ ಕೂಡಿ ಹಾಡುವ ಕಡೆಗಳಲ್ಲಿ ಕ್ಲೇರಿಯವರ ದನಿಯೊಂದನ್ನೇ ಹಿಂಬಾಲಿಸುತ್ತ ಎರಡೂ ಬದಿಗಳನ್ನು ಕೇಳಿದೆ. ಲೆನ್ನಿ ಅಂಡ್ ದಿ ಸ್ಕ್ವಿಗ್‌ಟೋನ್ಸ್ ತಟ್ಟೆಯನ್ನು ಇನ್ನು ಹುಡುಕಬೇಕು. ಸಿಕ್ಕ ಮೇಲೆ ಇಲ್ಲಿಯೇ ಬರೆಯುತ್ತೇನೆ.